ಬಿಗಿಯುವ ಮೊದಲು ಬಿಚ್ಚಿ ನೋಡಿ: ಕ್ಯಾರವಾನ್ ಟ್ರೇಲರಿನ ಸಡಿಲ ಸ್ಕ್ರೂ, ಫಿಟಿಂಗ್‌ಗಳ ದೋಷ ನಿವಾರಣೆ

ನಮ್ಮ ಅಡುಗೆಮನೆ ಕಿಟಕಿಯಲ್ಲಿ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಇದೆ. ಅದರ ತುಂಬ ಸ್ಕ್ರೂಗಳು. ಯಾವುದು ಎಲ್ಲಿಯದು ಅಂತ ಯಾರಿಗೂ ಗೊತ್ತಿಲ್ಲ. ಪ್ರವಾಸ ಮುಗಿಸಿ ಬಂದು ಕ್ಯಾರವಾನಿನ, ಅಂದರೆ ನಮ್ಮ ಚಕ್ರದ ಮನೆಯ, ಬಾಗಿಲು ತೆಗೆದರೆ ನೆಲದ ಮೇಲೆ ಒಂದೋ ಎರಡೋ ಬಿದ್ದಿರುತ್ತವೆ. "ಇವತ್ತು ಎಷ್ಟು ರೀ?" ಅಂತ ಮನೆಯವಳು ಕೇಳುತ್ತಾಳೆ. ನಾನು ಮಾತಾಡದೆ ಬಾಟಲಿಗೆ ಹಾಕುತ್ತೇನೆ.

ನಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. ಒಂದೇ ಆಕ್ಸಲ್, ಮರದ ಚೌಕಟ್ಟು, ಒಳಗೆ ಪ್ಲೈವುಡ್, ಹೊರಗೆ ಅಲ್ಯೂಮಿನಿಯಂ ತಗಡು. ಜೀಪಿನ ಹಿಂದೆ ಕಟ್ಟಿ ಎಳೆಯುವುದು. ಸುಂಟಿಕೊಪ್ಪ ಕಡೆಯ ತೋಟದಲ್ಲಿ, ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ನಿಂತಿರುತ್ತದೆ.

ಕೊಡಗಿನಲ್ಲಿ ಇಂಥ ಗಾಡಿಯ ಸ್ಕ್ರೂ ಸಡಿಲಾಗಲು ರಸ್ತೆಯ ಹೊಂಡಗಳೊಂದೇ ಕಾರಣ ಅಂತ ನಾನು ಮೊದಲು ಅಂದುಕೊಂಡಿದ್ದೆ. ಮಳೆಯ ಪಾಲೂ ಅಷ್ಟೇ ಇದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಜಡಿಮಳೆಯ ತಿಂಗಳಲ್ಲಿ, ಹಗ್ಗದ ಮೇಲಿನ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಪ್ಲೈವುಡ್ ಒಣಗಿರುತ್ತದೆಯೇ? ಮರ ತೇವ ಹೀರಿ ಉಬ್ಬುತ್ತದೆ. ಉಬ್ಬಿದಾಗ ಸ್ಕ್ರೂವಿನ ಸುತ್ತಲಿನ ನಾರು ಜಜ್ಜಿಹೋಗುತ್ತದೆ. ಕಾಫಿ ಕುಯ್ಯುವ ಹೊತ್ತಿಗೆ, ಡಿಸೆಂಬರ್-ಜನವರಿಯ ಒಣ ಗಾಳಿಗೆ, ಅದೇ ಮರ ಕುಗ್ಗುತ್ತದೆ. ಆದರೆ ಜಜ್ಜಿದ ನಾರು ಮೊದಲಿನಂತೆ ಆಗುವುದಿಲ್ಲ. ತೂತು ದೊಡ್ಡದಾಗಿಯೇ ಉಳಿಯುತ್ತದೆ. ಮಿಕ್ಕ ಕೆಲಸವನ್ನು ಘಟ್ಟದ ತಿರುವುಗಳು ಮುಗಿಸುತ್ತವೆ.

ಅದಕ್ಕೇ ನನ್ನದು ಒಂದೇ ಮಾತು: ಸಡಿಲಾದ ಸ್ಕ್ರೂವನ್ನು ಕಂಡ ತಕ್ಷಣ ಬಿಗಿಯಬೇಡಿ. ಪೂರ್ತಿ ಬಿಚ್ಚಿ, ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ನೋಡಿ. ಆಮೇಲೆ ಏನು ಮಾಡಬೇಕು ಅಂತ ನಿರ್ಧರಿಸಿ.

ಇನ್ನೊಂದು ವಿಷಯ. ನಿಮಗೆ ಗ್ಯಾಸ್ ವಾಸನೆ ಬರುತ್ತಿದ್ದರೆ, ಮೈಗೆ ಕರೆಂಟ್ ಜುಮ್ ಎನ್ನುತ್ತಿದ್ದರೆ, ಇಲ್ಲವೇ ಚಕ್ರದ ಕಡೆ ಅಥವಾ ಜೀಪಿಗೆ ಕೊಂಡಿ ಹಾಕುವ ಕಡೆ ಸದ್ದು ಬರುತ್ತಿದ್ದರೆ, ನೇರವಾಗಿ ಕೊನೆಯ ಮೂರು ಭಾಗಗಳಿಗೆ ಹೋಗಿ. ಕಪಾಟಿನ ಬಾಗಿಲು ನಾಳೆ ಸರಿ ಮಾಡಿದರೂ ನಡೆಯುತ್ತದೆ.

ನೆಲದ ಮೇಲೆ ಸ್ಕ್ರೂ ಬಿದ್ದಿದೆ, ಎಲ್ಲಿಯದು ಗೊತ್ತಿಲ್ಲ

ಗುಡಿಸಿ ಹಾಕಬೇಡಿ. ಬಿದ್ದ ಜಾಗದ ಫೋಟೋ ತೆಗೆದುಕೊಳ್ಳಿ. ಗಾಡಿ ಓಡುವಾಗ ಸ್ಕ್ರೂ ಉರುಳುತ್ತದೆ ನಿಜ, ಆದರೂ ಸಾಮಾನ್ಯವಾಗಿ ಬಿದ್ದ ಕಡೆಯ ಗೋಡೆಯದ್ದೇ ಆಗಿರುತ್ತದೆ. ಮೊದಲು ತಲೆಯ ಮೇಲಿನ ಕಪಾಟು, ಆಮೇಲೆ ಬಾಗಿಲುಗಳ ಹಿಂಜ್, ಆಮೇಲೆ ಪರದೆಯ ರೈಲು, ಟೇಬಲ್ಲಿನ ಕಾಲು. ಈ ಕ್ರಮದಲ್ಲಿ ಹುಡುಕಿದರೆ ಹೆಚ್ಚಾಗಿ ಸಿಗುತ್ತದೆ.

ಈಗ ಸ್ಕ್ರೂ ಏನು ಹೇಳುತ್ತದೆ ನೋಡೋಣ.

ಥ್ರೆಡ್ ಹೊಳೆಯುತ್ತಿದೆ, ಏನೂ ಅಂಟಿಲ್ಲ ಅಂದರೆ ಬರೀ ಕುಲುಕಾಟಕ್ಕೆ ಬಿಚ್ಚಿಕೊಂಡಿದೆ. ಸುಲಭದ ಕೇಸು. ಥ್ರೆಡ್ಡಿನ ಸಂದಿಯಲ್ಲಿ ಒಣ ಮರದ ಹುಡಿ ತುಂಬಿದ್ದರೆ ತೂತಿನ ಹಿಡಿತ ಹೋಗಿದೆ. ಎಷ್ಟು ಬಿಗಿದರೂ ನಾಳೆ ಮತ್ತೆ ಬೀಳುತ್ತದೆ. ತುಕ್ಕು ಹಿಡಿದು ಕಪ್ಪಾಗಿದ್ದರೆ, ಅಂಟಿದ ಹುಡಿ ಒದ್ದೆ ಕಾಫಿ ಚರಟದ ಹಾಗೆ ಮೆತ್ತಗಿದ್ದರೆ, ಎಲ್ಲೋ ನೀರು ಒಳಗೆ ಬರುತ್ತಿದೆ. ಬಿಳಿ ಪುಡಿ ಕಂಡರೆ ಅದು ಅಲ್ಯೂಮಿನಿಯಂ ಸವೆಯುತ್ತಿರುವ ಗುರುತು. ತಗಡಿನಲ್ಲಿ ಸ್ಟೀಲ್ ಸ್ಕ್ರೂ ಕೂತು, ನಡುವೆ ತೇವ ಸೇರಿದರೆ ಹಾಗಾಗುತ್ತದೆ. ಇನ್ನು ತಲೆಯೇ ತುಂಡಾಗಿ ಬಿದ್ದಿದ್ದರೆ ಆ ಜಾಗಕ್ಕೆ ತಪ್ಪು ಸ್ಕ್ರೂ ಹಾಕಿದ್ದಾರೆ ಅಂತಲೇ ಲೆಕ್ಕ.

ಈ ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಕ್ರೂ ಕೇಳಿದರೆ ಥಟ್ಟನೆ ಕೊಡುವುದು ಕಪ್ಪು ಬಣ್ಣದ ಜಿಪ್ಸಂ ಸ್ಕ್ರೂ. ಮನೆಯ ಫಾಲ್ಸ್ ಸೀಲಿಂಗಿಗೆ ಅದು ಸರಿ. ಆದರೆ ಅದು ಗಡಸು, ಬಾಗುವುದಿಲ್ಲ, ಅಡ್ಡಕ್ಕೆ ಪದೇ ಪದೇ ಎಳೆತ ಬಿದ್ದರೆ ಕಡ್ಡಿಯ ಹಾಗೆ ಮುರಿಯುತ್ತದೆ. ನಮ್ಮ ಗಾಡಿಯ ಹಿಂದಿನ ಮಾಲೀಕರು ಎಲ್ಲ ಕಡೆಗೂ ಅದನ್ನೇ ಹಾಕಿದ್ದರು. ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಕೇಳಿ ತನ್ನಿ, ದುಡ್ಡು ಸ್ವಲ್ಪ ಜಾಸ್ತಿ. ಹೊರಗಿನ ತಗಡಿಗೆ ಹಾಕುವಾಗ ಮಾತ್ರ ಸ್ಕ್ರೂವಿಗೆ ಸೀಲೆಂಟ್ ಸವರಿ ಹಾಕಿ, ಎರಡು ಲೋಹ ನೇರವಾಗಿ ತಾಗದ ಹಾಗೆ.

ಕಪಾಟಿನ ಬಾಗಿಲು ಜೋತು ಬಿದ್ದಿದೆ, ಸ್ಕ್ರೂ ಸುಮ್ನೆ ತಿರುಗುತ್ತಿದೆ

ಎಲ್ಲರಿಗೂ ಬರುವ ತೊಂದರೆ ಇದೇ. ಮೊದಲ ಪರೀಕ್ಷೆಗೆ ಖರ್ಚಿಲ್ಲ. ಸ್ಕ್ರೂ ಡ್ರೈವರನ್ನು ಕೈಯಲ್ಲೇ ತಿರುಗಿಸಿ, ಡ್ರಿಲ್ ಮೆಷಿನ್ ಬೇಡ. ಕೊನೆಗೆ ಗಟ್ಟಿಯಾಗಿ ನಿಂತರೆ ಸಾಕು, ಕೆಲಸ ಮುಗಿಯಿತು. ನಿಲ್ಲದೆ ತಿರುಗುತ್ತಲೇ ಇದ್ದರೆ ತೂತು ಹೋಗಿದೆ.

ತೂತು ತುಂಬುವ ಮೊದಲು ಮರ ಒಣಗಿದೆಯೋ ಇಲ್ಲವೋ ನೋಡಬೇಕು. ಇದಕ್ಕೆ ನಾನು ಬಳಸುವುದು ಕಾಫಿ ಚೀಲ ಹೊಲಿಯುವ ದಬ್ಬಳ. ತೂತಿನ ಒಳಗೆ ಮತ್ತು ಪಕ್ಕದಲ್ಲಿ ಅದರ ಮೊನೆ ಇಟ್ಟು ಒತ್ತಿ. ಒಳ್ಳೆಯ ಮರದಲ್ಲಿ ಮೊನೆ ಒಂದು ಚುಕ್ಕೆ ಮೂಡಿಸಿ ನಿಲ್ಲುತ್ತದೆ. ಕುಂಬಾದ ಮರದಲ್ಲಿ ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ. ಹಾಗೆ ಹೋದರೆ ಇಲ್ಲೇ ನಿಲ್ಲಿಸಿ, ಕೆಳಗೆ ಕಂದು ಕಲೆಯ ಭಾಗ ಓದಿ.

ಮರ ಗಟ್ಟಿಯಿದ್ದರೆ ಬೆಂಕಿಕಡ್ಡಿ ಸಾಕು. ಮದ್ದಿನ ತುದಿ ಮುರಿದು ಬಿಸಾಡಿ. ಮೇಣದ ಕಡ್ಡಿ ಬೇಡ, ಮರದ್ದೇ ಬೇಕು. ಎರಡು ಅಥವಾ ಮೂರು ಕಡ್ಡಿಗೆ ವಾಟರ್‌ಪ್ರೂಫ್ ಫೆವಿಕಾಲ್ ಸವರಿ ತೂತಿಗೆ ತುರುಕಿ. ಬಿಳಿಯ ಸಾಮಾನ್ಯ ಫೆವಿಕಾಲ್ ನಮ್ಮ ಮಳೆಗೆ ತಡೆಯುವುದಿಲ್ಲ. ಕಡ್ಡಿಗಳು ಒತ್ತೊತ್ತಾಗಿ ಕೂರಬೇಕು, ಆದರೆ ಸುತ್ತಿಗೆಯಿಂದ ಹೊಡೆಯುವಷ್ಟಲ್ಲ. ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಮಟ್ಟ ಮಾಡಿ. ಒಂದು ರಾತ್ರಿ ಬಿಡಿ. ಮಳೆಗಾಲವಾದರೆ ಎರಡು ರಾತ್ರಿ. ಮಾರನೇ ದಿನ ದಬ್ಬಳದಿಂದಲೇ ನಡುವೆ ಸಣ್ಣ ತೂತು ಮಾಡಿ ಸ್ಕ್ರೂ ಕೂರಿಸಿ. ಸ್ಕ್ರೂ ಒಳಗೆ ಹೋಗುವಾಗ ಕಿರ್ ಕಿರ್ ಅಂತ ಸಣ್ಣ ಸದ್ದು ಬರುತ್ತದೆ, ಕೈಗೆ ತಡೆ ಸಿಗುತ್ತದೆ. ಆ ತಡೆ ಸಿಕ್ಕರೆ ಹಿಡಿದಿದೆ ಅಂತ ಅರ್ಥ. ಅದಾದ ಮೇಲೆ ಕಾಲು ಸುತ್ತು ಸಾಕು. "ಇನ್ನೂ ಸ್ವಲ್ಪ ಇರಲಿ" ಅಂತ ತಿರುಗಿಸಿದರೆ ಮಾಡಿದ್ದೆಲ್ಲ ಹಾಳು.

ಭಾರ ಬೀಳುವ ಜಾಗಕ್ಕೆ, ಅಂದರೆ ಟಿವಿ ಸ್ಟ್ಯಾಂಡ್, ಮೇಲಿನ ಮಂಚ, ಪಾತ್ರೆ ಇಡುವ ಕಪಾಟಿನ ಗೋಡೆ ಕಡೆಗೆ, ಬೆಂಕಿಕಡ್ಡಿ ನಂಬಬೇಡಿ. ಅಲ್ಲಿ ಎರಡು ಟ್ಯೂಬಿನ ಅರಾಲ್ಡೈಟ್ ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ ಹೊಸ ತೂತು ಕೊರೆಯಬೇಕು. ಅದಕ್ಕಿಂತ ಒಳ್ಳೆಯದು, ಹಿಂದೆ ಕೈ ಹೋಗುವ ಹಾಗಿದ್ದರೆ ಸ್ಕ್ರೂ ತೆಗೆದು ಆರಪಾರ ಬೋಲ್ಟ್ ಹಾಕಿ, ಹಿಂದೆ ಅಗಲ ವಾಷರ್ ಮತ್ತು ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ ನಟ್) ಕೊಡುವುದು. ನಮ್ಮ ತಟ್ಟೆ ಕಪಾಟಿಗೆ ಆಚಾರಿಯವರು ಹೀಗೆ ನಾಲ್ಕು ಬೋಲ್ಟ್ ಹಾಕಿದರು. "ಸಾರ್, ಇದು ಬೀಳಬೇಕಾದರೆ ಗೋಡೆ ಸಮೇತ ಬೀಳಬೇಕು" ಅಂದರು. ಇನ್ನೂ ಬಿದ್ದಿಲ್ಲ.

ದಪ್ಪದ ಸ್ಕ್ರೂ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಒಂದು ಸೈಜ್ ದಪ್ಪ ಹಾಕಬಹುದು, ಒಂದೇ ಸಲ. ಉದ್ದದ್ದು ಹಾಕುವ ಮೊದಲು ಮಾತ್ರ ಹತ್ತು ಸಲ ಯೋಚಿಸಿ. ಈ ಗೋಡೆಗಳು ತೆಳು. ಹಿಂದೆ ವೈರ್ ಇರಬಹುದು, ನೀರಿನ ಪೈಪ್ ಇರಬಹುದು, ಏನೂ ಇಲ್ಲದಿದ್ದರೆ ಹೊರಗಿನ ತಗಡೇ ತೂತಾಗಬಹುದು.

ಓಡುವಾಗ ಒಳಗೆ ಗಡಗಡ ಸದ್ದು, ನಿಂತರೆ ಏನೂ ಇಲ್ಲ

ಸದ್ದು ಹುಡುಕಲು ಯಾರನ್ನೂ ಒಳಗೆ ಕೂರಿಸಿಕೊಂಡು ಓಡಿಸಬೇಡಿ. ಹಳೇ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ದಿಂಬಿನ ಮೇಲೆ ಇಟ್ಟು ಎರಡು ಕಿಲೋಮೀಟರ್ ಹೋಗಿ ಬನ್ನಿ. ಆಮೇಲೆ ಫೋನಿನ ಜಾಗ ಬದಲಿಸಿ ಮತ್ತೊಮ್ಮೆ. ಎಲ್ಲಿಟ್ಟಾಗ ಜೋರಾಗಿ ಕೇಳುತ್ತದೋ ಅಲ್ಲಿ ಹುಡುಕಿ. ಒಲೆಯ ಮೇಲಿನ ಜಾಲರಿ, ಫ್ರಿಜ್ಜಿನ ಬಾಗಿಲು, ಪಾತ್ರೆಗಳು, ಹೆಚ್ಚಿನ ಸಲ ಇಷ್ಟೇ. ನನಗೆ ಒಮ್ಮೆ ಮೂರು ದಿನ ತಲೆ ಕೆಡಿಸಿದ್ದು ಕಪಾಟಿನ ಹಿಂದೆ ಬಿದ್ದಿದ್ದ ಒಂದು ಸ್ಟೀಲ್ ಲೋಟ.

ಲೋಹಕ್ಕೆ ಲೋಹ ಕೂರುವ ಕಡೆ ನಟ್ ಸಡಿಲಾಗುತ್ತಿದ್ದರೆ ಸ್ಪ್ರಿಂಗ್ ವಾಷರ್ ಹಾಕಿ ಸುಮ್ಮನಾಗಬೇಡಿ. ಬೋಲ್ಟ್ ಸಡಿಲಾಗುವುದು ಉದ್ದಕ್ಕೆ ಬೀಳುವ ಎಳೆತಕ್ಕಿಂತ ಜಾಸ್ತಿ ಅಡ್ಡಕ್ಕೆ ಜರುಗುವುದರಿಂದ. 1969ರಲ್ಲೇ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು ಮೆಷಿನ್ ಇಟ್ಟು ತೋರಿಸಿದ್ದರು. ಅಂಥ ಅಲುಗಾಟಕ್ಕೆ ಸ್ಪ್ರಿಂಗ್ ವಾಷರ್ ಹೆಚ್ಚೇನೂ ತಡೆ ಕೊಡುವುದಿಲ್ಲ. ನೈಲಾಕ್ ನಟ್ ಹಾಕಿ, ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಇಲ್ಲವೇ ಥ್ರೆಡ್ ಹಿಡಿದಿಡುವ ಅಂಟು, ನೀಲಿ ಬಣ್ಣದ ಲಾಕ್‌ಟೈಟ್ ಒಂದು ಹನಿ ಸಾಕು. ಕೆಂಪು ಬೇಡ, ಅದನ್ನು ಬಿಚ್ಚಲು ಬೆಂಕಿಯಲ್ಲಿ ಕಾಯಿಸಬೇಕಾಗುತ್ತದೆ. ಲಾಕ್‌ಟೈಟ್ ಮರಕ್ಕೆ ಹಿಡಿಯುವುದಿಲ್ಲ. ಕೆಲವು ಪ್ಲಾಸ್ಟಿಕ್‌ಗಳಿಗೆ ತಾಗಿದರೆ ಬಿರುಕು ಬರುತ್ತದೆ.

ಸ್ಕ್ರೂ ಸುತ್ತ ಕಂದು ಕಲೆ, ಗೋಡೆ ಒತ್ತಿದರೆ ಮೆತ್ತಗೆ

ಇಲ್ಲಿ ನಾನು ಸರಿಯಾಗಿ ಪೆಟ್ಟು ತಿಂದಿದ್ದೇನೆ. ಮುಂದಿನ ಕಿಟಕಿಯ ಮೇಲೆ ಒಂದು ದೀಪದ ಕ್ಲ್ಯಾಂಪ್ ಇತ್ತು. ಜೂನ್‌ನಲ್ಲಿ ಸಡಿಲಾಯಿತು, ಬಿಗಿದೆ. ಜುಲೈಯಲ್ಲಿ ಮತ್ತೆ, ಮತ್ತೆ ಬಿಗಿದೆ. ಆಗಸ್ಟ್‌ನಲ್ಲಿ ಉದ್ದದ ಸ್ಕ್ರೂ ಹಾಕಿದೆ. ಸೆಪ್ಟೆಂಬರ್‌ನಲ್ಲಿ ಕ್ಲ್ಯಾಂಪ್ ಹಿಡಿದು ಎಳೆದರೆ ಅಂಗೈಯಗಲ ಪ್ಲೈವುಡ್ ಅದರ ಜೊತೆಗೇ ಬಂತು. ಒಳಗಿನ ಮರದ ಪಟ್ಟಿಯನ್ನು ಬೆರಳಲ್ಲೇ ಪುಡಿ ಮಾಡಬಹುದಿತ್ತು. ನಾಲ್ಕು ತಿಂಗಳೂ ಆ ಸ್ಕ್ರೂ ನನಗೆ ಹೇಳುತ್ತಲೇ ಇತ್ತು. ಒಮ್ಮೆಯಾದರೂ ಬಿಚ್ಚಿ ಅದರ ಮುಖ ನೋಡಿದ್ದರೆ ತುಕ್ಕು ಕಾಣುತ್ತಿತ್ತು.

ನೀರು ಸಾಮಾನ್ಯವಾಗಿ ಕಲೆ ಇರುವ ಜಾಗದಲ್ಲಿ ಒಳಬರುವುದಿಲ್ಲ. ಮೇಲೆ ಎಲ್ಲೋ ಹೊಕ್ಕು, ಮರದ ಪಟ್ಟಿ ಹಿಡಿದು ಇಳಿದು, ಇಲ್ಲಿ ಕಾಣಿಸಿಕೊಳ್ಳುತ್ತದೆ. ಚಾವಣಿಯ ಗಾಳಿಕಿಂಡಿ, ಸೋಲಾರ್ ಪ್ಯಾನಲ್ಲಿನ ಕಾಲು, ಮೂಲೆಯ ಅಲ್ಯೂಮಿನಿಯಂ ಪಟ್ಟಿ, ಕಿಟಕಿಯ ಚೌಕಟ್ಟು ಇವುಗಳ ಸೀಲೆಂಟ್ ಬಿರಿದಿದೆಯೇ ನೋಡಿ. ಒಬ್ಬರು ಹೊರಗೆ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದಿರಲಿ. ಮೇಲಿನಿಂದ ಶುರು ಮಾಡಿದರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವುದೇ ಇಲ್ಲ. ಈ ಪರೀಕ್ಷೆಯನ್ನು ಕಾಫಿ ಹೂ ಅರಳಿಸುವ ಬೇಸಿಗೆಯ ಹೂ ಮಳೆಗೆ ಮೊದಲೇ ಮಾಡಿ ಮುಗಿಸಿದರೆ ಸರಿಪಡಿಸಲು ಮೇ ತನಕ ಒಣ ದಿನಗಳು ಸಿಗುತ್ತವೆ.

ಹಳೆಯ ಸೀಲೆಂಟಿನ ಮೇಲೆ ಸಿಲಿಕೋನ್ ಬಳಿದು ಬಿಡುವುದು ನಮ್ಮಲ್ಲಿ ಮಾಮೂಲು. ಸಿಲಿಕೋನಿನ ಮೇಲೆ ಮುಂದೆ ಯಾವುದೂ ಸರಿಯಾಗಿ ಅಂಟುವುದಿಲ್ಲ. ಹಳೆಯದನ್ನು ಕೆರೆದು ತೆಗೆದು, ಪಟ್ಟಿ ಬಿಚ್ಚಿ, ಬ್ಯೂಟೈಲ್ ಟೇಪ್ (ಮೆತ್ತಗಿನ ರಬ್ಬರಿನಂಥ ಅಂಟು ಪಟ್ಟಿ) ಹಾಕಿ ಕೂರಿಸುವುದೇ ಸರಿ. ಸ್ಕ್ರೂವನ್ನು ಟೇಪ್ ಅಂಚಿನಿಂದ ಸ್ವಲ್ಪ ಹೊರಬರುವಷ್ಟು ಮಾತ್ರ ಬಿಗಿಯಿರಿ.

ಚಾವಣಿ ಹತ್ತಬೇಡಿ. ಏಣಿ ಹಾಕಿ ಪಕ್ಕದಿಂದ ನೋಡಿ. ಪಾಚಿ ಕಟ್ಟಿದ ತಗಡು ಜಾರುತ್ತದೆ, ಕೆಳಗಿನ ಮರ ಕುಂಬಾಗಿದ್ದರೆ ಕಾಲು ಒಳಗೇ ಹೋಗುತ್ತದೆ. ದಬ್ಬಳ ಒಂದು ಗೇಣಿಗಿಂತ ಹೆಚ್ಚು ಜಾಗದಲ್ಲಿ ಮೆತ್ತಗೆ ಹೊಕ್ಕರೆ, ಇಲ್ಲವೇ ಮೂಲೆಯ ಕಂಬ, ನೆಲ ಮೆತ್ತಗಾಗಿದ್ದರೆ, ಅದು ಸ್ಕ್ರೂವಿನ ಕೆಲಸ ಅಲ್ಲ. ಗಾಡಿಯ ಬಾಡಿ ಕಟ್ಟುವವರನ್ನು ಕರೆಸಿ.

ನಲ್ಲಿ ಮುಚ್ಚಿದ್ದರೂ ರಾತ್ರಿ ಪಂಪ್ ಟಕ್ ಟಕ್ ಎನ್ನುತ್ತದೆ

ಪಂಪ್ ಒತ್ತಡ ಇಳಿದಾಗ ತಾನೇ ಶುರುವಾಗುತ್ತದೆ. ಅಂದರೆ ಎಲ್ಲೋ ಹನಿ ಸೋರುತ್ತಿದೆ. ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಮಲಗಿ. ಬೆಳಿಗ್ಗೆ ಒದ್ದೆಯಾದ ಪೇಪರ್ ಉತ್ತರ ಹೇಳುತ್ತದೆ. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿದು ಕಾಲು ಸುತ್ತು ಮಾತ್ರ ಹೆಚ್ಚಿಗೆ. ಪಾನಾ ಹಾಕಿ ಬಿಗಿದರೆ ನಟ್ ಸೀಳುತ್ತದೆ. ವಾಷರ್ ಹಳೆಯದಾಗಿದ್ದರೆ ಹತ್ತು ರೂಪಾಯಿ ಖರ್ಚು, ಅಷ್ಟೇ.

ಲೈಟ್ ಮಿಣುಕುತ್ತದೆ, ಸ್ವಿಚ್ ಹತ್ತಿರ ಬಿಸಿ ಅಥವಾ ಸುಟ್ಟ ವಾಸನೆ

ಹೊರಗಿನ ಮನೆ ಕರೆಂಟಿನ ಪ್ಲಗ್ ಮೊದಲು ತೆಗೆಯಿರಿ. ಆಮೇಲೆ ಬ್ಯಾಟರಿ ನೋಡಿ. ಟರ್ಮಿನಲ್ಲನ್ನು ಕೈಯಲ್ಲಿ ಹಿಡಿದು ತಿರುಚಿದಾಗ ಅಲ್ಲಾಡಿದರೆ ಅಲ್ಲೇ ತೊಂದರೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಂಗುರ, ಕಡಗ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಪಾನಾ ಎರಡೂ ಕಡೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಸಡಿಲ ಜೋಡಣೆ ಬಿಸಿಯಾಗುತ್ತದೆ, ಬಿಸಿಯಾದ ಕಡೆ ಪ್ಲಾಸ್ಟಿಕ್ ಕಂದಾಗುತ್ತದೆ. ಕಂದಾದ ಫ್ಯೂಸ್ ಹೋಲ್ಡರ್, ಕನೆಕ್ಟರ್ ಬದಲಿಸಬೇಕು, ಬಿಗಿದರೆ ಸಾಲದು.

230 ವೋಲ್ಟಿನ ಸಾಕೆಟ್, ಬೋರ್ಡ್ ಸಡಿಲಾಗಿದ್ದರೆ ನೀವೇ ಕೈ ಹಾಕಬೇಡಿ. ಗಾಡಿಯ ಹೊರಮೈ ಮುಟ್ಟಿದಾಗ ಜುಮ್ ಎಂದರೆ ತಕ್ಷಣ ಕರೆಂಟ್ ತೆಗೆಯಿರಿ, ಮಕ್ಕಳನ್ನು ದೂರ ಕಳಿಸಿ, ಎಲೆಕ್ಟ್ರಿಷಿಯನ್ ಬರುವ ತನಕ ಪ್ಲಗ್ ಹಾಕಬೇಡಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು "ಇದೆಯಾ ಇಲ್ವಾ" ಅಂತ ಮತ್ತೊಮ್ಮೆ ಮುಟ್ಟಿ ನೋಡುವವರನ್ನು ಕಂಡಿದ್ದೇನೆ.

ಗ್ಯಾಸ್ ವಾಸನೆ ಬರುತ್ತಿದೆ

ಸ್ವಿಚ್ ಮುಟ್ಟಬೇಡಿ, ಆನ್ ಬೇಡ, ಆಫ್ ಕೂಡ ಬೇಡ. ರೆಗ್ಯುಲೇಟರ್ ಕೈಗೆ ಸಿಗುವಂತಿದ್ದರೆ ಮುಚ್ಚಿ, ಬಾಗಿಲು ತೆಗೆದು ಎಲ್ಲರೂ ಹೊರಗೆ ಬನ್ನಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಕಿಟಕಿ ತೆಗೆದರೆ ಸಾಲದು, ಬಾಗಿಲು ತೆಗೆಯಬೇಕು. ದೂರ ಹೋಗಿ ಫೋನ್ ಮಾಡಿ. ಎಲ್‌ಪಿಜಿ ತುರ್ತು ಸಹಾಯವಾಣಿ 1906.

ವಾಸನೆ ಪೂರ್ತಿ ಹೋದ ಮೇಲೆ ಸೋಪಿನ ನೊರೆಯನ್ನು ಜೋಡಣೆಗಳಿಗೆ ಸವರಿ ನೋಡಬಹುದು. ಗುಳ್ಳೆ ಎದ್ದರೆ ಅಲ್ಲೇ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಪದ್ಧತಿ ಯಾವತ್ತೂ ಬೇಡ. ರಬ್ಬರ್ ಪೈಪಿನ ಕ್ಲಿಪ್ ಸಡಿಲಾಗಿದ್ದರೆ ಬಿಗಿಯಬಹುದು, ಪೈಪಿನಲ್ಲಿ ಬಿರುಕಿದ್ದರೆ ಐಎಸ್‌ಐ ಗುರುತಿನ ಹೊಸದನ್ನೇ ಹಾಕಿ. ತಾಮ್ರದ ಪೈಪಿನ ಹಿತ್ತಾಳೆ ನಟ್ ಸೋರುತ್ತಿದ್ದರೆ ಮಾತ್ರ ಗ್ಯಾಸ್ ಕೆಲಸ ಬಲ್ಲವರೇ ಬರಬೇಕು. ಗಾಡಿ ಓಡುವಾಗ ಸಿಲಿಂಡರ್ ಯಾವಾಗಲೂ ಬಂದ್ ಇರಲಿ.

ಚಕ್ರದ ಕಡೆಯಿಂದ, ಕೊಂಡಿಯ ಕಡೆಯಿಂದ ಟಕ್ ಎನ್ನುವ ಸದ್ದು

ಕೂಡಲೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. "ಮಡಿಕೇರಿ ತಲುಪಿದ ಮೇಲೆ ನೋಡೋಣ" ಅನ್ನಬೇಡಿ. ಸಂಪಾಜೆ ಘಟ್ಟದಲ್ಲಾಗಲಿ ಮಾಕುಟ್ಟದ ಇಳಿಜಾರಿನಲ್ಲಾಗಲಿ ತಿರುವಿನಲ್ಲಿ ನಿಲ್ಲಿಸದೆ, ಹಿಂದಿನವರಿಗೆ ಕಾಣುವ ನೇರ ಜಾಗದಲ್ಲಿ ನಿಲ್ಲಿಸಿ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ.

ಮೊದಲು ಕಣ್ಣಿನಿಂದ. ಚಕ್ರದ ನಟ್ಟಿನಿಂದ ಹೊರಮುಖವಾಗಿ ತುಕ್ಕಿನ ಗೆರೆ ಹರಿದಿದ್ದರೆ, ನಟ್ ಸುತ್ತ ಲೋಹ ತಿಕ್ಕಿ ಹೊಳೆಯುತ್ತಿದ್ದರೆ ಅದು ಸಡಿಲಾಗಿದೆ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ಚಕ್ರ ಇನ್ನು ಬಳಸುವಂತಿಲ್ಲ, ಒಂದು ನಟ್ ಇಲ್ಲದಿದ್ದರೂ ಮುಂದೆ ಓಡಿಸುವಂತಿಲ್ಲ. ಬಿಗಿಯುವಾಗ ಎದುರುಬದುರಾಗಿ, ನಕ್ಷತ್ರ ಬಿಡಿಸಿದ ಹಾಗೆ ಬಿಗಿಯಿರಿ. ಬೋಲ್ಟಿಗೆ ಎಣ್ಣೆ, ಗ್ರೀಸ್ ಬೇಡ. ಪಾನಾ ಮೇಲೆ ಹತ್ತಿ ನಿಲ್ಲುವುದೂ ಬೇಡ, ಬೋಲ್ಟ್ ಎಳೆದು ತುಂಡಾಗುತ್ತದೆ. ಗಾಡಿಯ ಪುಸ್ತಕದಲ್ಲಿ ಎಷ್ಟು ಟಾರ್ಕ್ ಅಂತ ಇರುತ್ತದೆ, ಟಾರ್ಕ್ ರೆಂಚಿನಲ್ಲಿ ಅಷ್ಟಕ್ಕೇ ಬಿಗಿಯಿರಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಒಳಗೆ ಮತ್ತೊಮ್ಮೆ ನೋಡಲೇಬೇಕು.

ನಟ್ ಗಟ್ಟಿಯಿದ್ದೂ ಸದ್ದಿದ್ದರೆ ಬೇರಿಂಗ್ ಇರಬಹುದು. ಮಟ್ಟಸ ಗಟ್ಟಿ ನೆಲದಲ್ಲಿ, ಟ್ರೇಲರ್ ಜೀಪಿಗೆ ಕಟ್ಟಿಕೊಂಡೇ ಇರುವಾಗ, ಒಂದು ಕಡೆ ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಟಕ್ ಎಂದರೆ ಬೇರಿಂಗ್ ಸಡಿಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಪಟ್ಟಿ ಸ್ಪ್ರಿಂಗಿನ ಯು-ಬೋಲ್ಟ್, ಬೇರಿಂಗ್, ಬ್ರೇಕ್ ಈ ಮೂರೂ ಗ್ಯಾರೇಜಿನ ಕೆಲಸ.

ಹೊರಡುವಾಗ ಮತ್ತು ನಿಲ್ಲುವಾಗ ಮಾತ್ರ ಟಕ್ ಎಂದರೆ ಕೊಂಡಿ ನೋಡಿ. ಜೀಪಿನ ಹಿಂದಿನ ಲೋಹದ ಗುಂಡು, ಅಂದರೆ ಬಾಲಿನ ಮೇಲೆ, ಅದನ್ನು ಹಿಡಿಯುವ ಟ್ರೇಲರಿನ ಕಪ್ಲರ್ ಪೂರ್ತಿ ಕೂತಿಲ್ಲದಿರಬಹುದು, ಇಲ್ಲವೇ ಬಾಲಿನ ಕೆಳಗಿನ ನಟ್ ಸಡಿಲಾಗಿರಬಹುದು. ಕೂತಿದೆಯೋ ಇಲ್ಲವೋ ತಿಳಿಯಲು ಟ್ರೇಲರಿನ ಮುಂದಿನ ಸಣ್ಣ ಚಕ್ರದ ಹಿಡಿ ತಿರುಗಿಸಿ ಮೇಲೆತ್ತಿ. ಜೀಪಿನ ಹಿಂಭಾಗವೂ ಜೊತೆಗೆ ಸ್ವಲ್ಪ ಏಳಬೇಕು. ಕಪ್ಲರ್ ಒಂದೇ ಎದ್ದು ಬಂದರೆ ಬಾಲ್ ಹಿಡಿದಿಲ್ಲ. ಸುರಕ್ಷತಾ ಸರಪಳಿ ಎರಡಿದ್ದರೆ ಕೊಂಡಿಯ ಕೆಳಗೆ ಕತ್ತರಿ ಹಾಕಿದ ಹಾಗೆ ಕಟ್ಟಿ. ಬಾಲಿನ ನಟ್ಟಿಗೆ ಬೇಕಾದ ಬಿಗಿ ಮನೆಯ ಪಾನಾಗೆ ಸಿಗುವುದಿಲ್ಲ. ಅದು ಕೈಯಲ್ಲಿ ತಿರುಗುತ್ತಿದ್ದರೆ ಟ್ರೇಲರನ್ನು ಅಲ್ಲೇ ಬಿಟ್ಟು, ಒಬ್ಬರನ್ನು ಕಾವಲಿಗೆ ದೂರ ನಿಲ್ಲಿಸಿ, ಜೀಪಿನಲ್ಲಿ ಮೆಕ್ಯಾನಿಕ್ಕನ್ನು ಕರೆದುಕೊಂಡು ಬನ್ನಿ.